ಹೊರದೇಶದಲ್ಲಿ ಇಂಗ್ಲಿಷ್ ಕಲಿಸುವುದೋ, ಇಂಗ್ಲಿಷಿನ ದೇಶದಲ್ಲೇ ಕಲಿಸುವುದೋ?

ಘಟ್ಟದ ಮೇಲಿನವಳು (ಸಿರ್ಸಿ)

ಸಿರ್ಸಿ ತಾಲ್ಲೂಕಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಹನ್ನೊಂದು ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಎಂ.ಎ., ಬಿ.ಇಡಿ. ಆಗಿದೆ. ಕೆಲವು ವರ್ಷ ಹೊರಗೆ ಹೋಗಿ ಕಲಿಸಿ ಬರಬೇಕೆಂಬ ಆಸೆ ಬಹಳ ದಿನಗಳದ್ದು. ಮನೆಯಲ್ಲಿಯೂ ಈಗ ಒಪ್ಪಿದ್ದಾರೆ. ಮಾಲ್ಡೀವ್ಸ್, ಕೊರಿಯಾ, ವಿಯೆಟ್ನಾಂ ಮುಂತಾದ, ಇಂಗ್ಲಿಷ್ ಮನೆಮಾತಲ್ಲದ ದೇಶಗಳಿಗೆ ಹೋಗುವುದು ಒಂದು ದಾರಿ. ಅಕ್ಕನ ಸಂಸಾರವಿರುವ ಕೆನಡಾಕ್ಕೋ ಇಂಗ್ಲೆಂಡಿಗೋ ಹೋಗಿ ಅಲ್ಲಿಯೇ ಇಂಗ್ಲಿಷ್ ಕಲಿಸುವುದು ಇನ್ನೊಂದು. ಈ ಎರಡನೆಯ ಮಾತೆತ್ತಿದರೆ ಸ್ಟಾಫ್ ರೂಮಿನಲ್ಲಿ ‘ಉಪ್ಪು ಬೆಳೆಯುವ ಸಾಣಿಕಟ್ಟಾಕ್ಕೆ ಉಪ್ಪು ಹೊತ್ತ ಹಾಗಾಯಿತು’ ಎಂದು ನಗುತ್ತಾರೆ.

ಕಳೆದ ವರ್ಷ ಕೊರಿಯಾದಲ್ಲಿ ಕೆಲಸ ಕೊಡಿಸುತ್ತೇನೆಂದ ಏಜೆಂಟನೊಬ್ಬನಿಗೆ 18,000 ರೂಪಾಯಿ ನೋಂದಣಿ ಶುಲ್ಕ ಕಟ್ಟಿ ಕಳೆದುಕೊಂಡಿದ್ದೇನೆ. ಆದ್ದರಿಂದ ಈ ಸಲ ಅನುಭವವಿದ್ದವರನ್ನೇ ಕೇಳುತ್ತಿದ್ದೇನೆ. ಸಂಬಳದ ಲೆಕ್ಕ ಆಮೇಲಿರಲಿ. ತರಗತಿಯೊಳಗೆ ನಿಂತ ಮೇಲೆ ಈ ಎರಡು ಕೆಲಸಗಳಿಗೆ ನಿಜವಾಗಿ ಏನು ವ್ಯತ್ಯಾಸ?

ಅಘನಾಶಿನಿ ದಂಡೆ (ಕುಮಟಾ)

ಮೊದಲು ಕೊರಿಯಾದ ವಿಷಯ ಮುಗಿಸಿಬಿಡುತ್ತೇನೆ. ಅಲ್ಲಿ ಭಾಷೆ ಕಲಿಸುವವರಿಗೆ ಕೊಡುವ ಇ-2 ವೀಸಾ ಇಂಗ್ಲಿಷ್ ಬೋಧಕರ ಮಟ್ಟಿಗೆ ಸಾಮಾನ್ಯವಾಗಿ ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾ, ಈ ಏಳು ದೇಶಗಳ ಪೌರರಿಗೆ ಸೀಮಿತ. ನಿಮ್ಮ ಪಾಸ್‌ಪೋರ್ಟ್ ನೋಡಿದ ಮೇಲೂ ಹಣ ಕಟ್ಟಿಸಿಕೊಂಡವನಿಗೆ ಇದು ಗೊತ್ತಿರಲಿಲ್ಲವೆಂದರೆ ನಾನು ನಂಬುವುದಿಲ್ಲ.

ನಾನು ಮಾಲ್ಡೀವ್ಸ್‌ನ ಒಂದು ಸಣ್ಣ ದ್ವೀಪದಲ್ಲಿ ನಾಲ್ಕು ವರ್ಷ ಕಲಿಸಿದೆ. ಅಲ್ಲಿ ಧಿವೇಹಿ ಭಾಷೆ ಮತ್ತು ಇಸ್ಲಾಂ ಬಿಟ್ಟರೆ ಉಳಿದ ಪಾಠಗಳೆಲ್ಲ ಇಂಗ್ಲಿಷಿನಲ್ಲಿಯೇ ನಡೆಯುತ್ತವೆ. ಆದರೆ ಗಂಟೆ ಹೊಡೆದು ಮಕ್ಕಳು ಅಂಗಳಕ್ಕೆ ಇಳಿದರೆಂದರೆ ಇಂಗ್ಲಿಷ್ ಅಲ್ಲಿಗೆ ಮುಗಿಯಿತು. ಮೊದಲ ವಾರ ಒಬ್ಬ ಹುಡುಗ ಎದ್ದು ನಿಂತು ‘ಫೆನ್, ಫೆನ್’ ಎಂದ ಹಾಗೆ ಕೇಳಿಸಿತು. ನಾನು ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಟ್ಟೆ. ಇಡೀ ತರಗತಿ ನಕ್ಕಿತು. ಅವನು ಕೇಳಿದ್ದು ನೀರು. ಸಂಸ್ಕೃತದ ‘ಪಾನೀಯ’ಕ್ಕೆ ನಂಟಿನ ಶಬ್ದವದು, ನಮ್ಮಲ್ಲಿ ‘ಪಾಲು’ ‘ಹಾಲು’ ಆದಂತೆ ಅವರಲ್ಲಿ ‘ಪ’ಕಾರ ‘ಫ’ಕಾರವಾಗಿದೆ. ಬರೆಯುವುದಂತೂ ಬಲದಿಂದ ಎಡಕ್ಕೆ. ಹಾಗಾಗಿ ಚಿಕ್ಕ ತರಗತಿಗಳಲ್ಲಿ ಒಂದು ಪಿರಿಯಡ್ಡಿನಲ್ಲಿ ಆ ಕಡೆಯಿಂದ, ಮುಂದಿನದರಲ್ಲಿ ಈ ಕಡೆಯಿಂದ ಬರೆಯುವ ಕೈಗಳನ್ನು ನೋಡುತ್ತ ಕೂರಬೇಕು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಇಂಥ ಕಡೆ ಮಗುವಿನ ಕಿವಿಗೆ ಬೀಳುವ ಇಂಗ್ಲಿಷಿನಲ್ಲಿ ಬಹುಪಾಲು ನಿಮ್ಮ ಬಾಯಿಂದಲೇ ಬರಬೇಕು. ನೀವು ತಪ್ಪಿದರೆ ಮೂವತ್ತು ಮಕ್ಕಳೂ ಅದೇ ತಪ್ಪನ್ನು ಕಲಿಯುತ್ತಾರೆ. ಆದರೆ ಎಲ್ಲರ ಮನೆಮಾತೂ ಒಂದೇ ಆದ್ದರಿಂದ ಅವರು ಎಲ್ಲಿ ಎಡವುತ್ತಾರೆಂಬುದು ಒಂದು ವರ್ಷದಲ್ಲಿ ತಿಳಿದುಹೋಗುತ್ತದೆ. ಆಮೇಲೆ ಪಾಠ ತಾನಾಗಿ ಹಿಡಿತಕ್ಕೆ ಬರುತ್ತದೆ.

ಕಾಳಿ ಸಂಗಮ (ಮೂಲ ಕಾರವಾರ, ಈಗ ಒಂಟಾರಿಯೋ)

ಉಪ್ಪಿನ ಮಾತಿಗೆ ಮೊದಲು ಉತ್ತರಿಸುತ್ತೇನೆ. ಸಮುದ್ರದ ನಡುವೆ ನಿಂತವನಿಗೂ ಬಾಯಾರುತ್ತದೆ. ಸುತ್ತಲೂ ಇಂಗ್ಲಿಷ್ ಇದ್ದ ಮಾತ್ರಕ್ಕೆ ಅದು ತಾನಾಗಿ ತಲೆಗೆ ಇಳಿಯುವುದಿಲ್ಲವೆಂಬುದನ್ನು ಅಮೆರಿಕದ ಸುಪ್ರೀಂ ಕೋರ್ಟು 1974ರಲ್ಲಿಯೇ ಒಪ್ಪಿಕೊಂಡಿದೆ. ಸಾನ್ ಫ್ರಾನ್ಸಿಸ್ಕೋದ ಸುಮಾರು 1,800 ಚೀನೀ ಮೂಲದ ಮಕ್ಕಳಿಗೆ ಇಂಗ್ಲಿಷ್ ಅರ್ಥವಾಗದಿದ್ದರೂ ಪ್ರತ್ಯೇಕ ನೆರವು ಕೊಡದೆ, ಎಲ್ಲರ ಜೊತೆ ಅದೇ ಪಾಠಕ್ಕೆ ಕೂರಿಸಿದ್ದನ್ನು ಸಮಾನ ಅವಕಾಶವೆನ್ನಲಾಗದು ಎಂದು ಅದು ತೀರ್ಪಿತ್ತಿತು.

ನಾನು ಕಲಿಸುವುದು ವಲಸೆ ಬಂದ ವಯಸ್ಕರಿಗೆ. ಕೆನಡಾ ಸರ್ಕಾರ 1992ರಿಂದ ನಡೆಸುತ್ತಿರುವ ‘ಲಿಂಕ್’ ಎಂಬ ಉಚಿತ ತರಗತಿಗಳಿವೆ. ಕಲಿಯುವವರನ್ನು 12 ಹಂತಗಳ ಅಳತೆಗೋಲಿನಲ್ಲಿ ಅಳೆದು ಕೂರಿಸುತ್ತಾರೆ. ಒಂದೇ ಬೆಂಚಿನಲ್ಲಿ ಅರಬ್ಬೀ, ಸ್ಪ್ಯಾನಿಷ್, ಉಕ್ರೇನಿಯನ್, ಪಂಜಾಬಿ ಮಾತನಾಡುವವರು ಇರುವಾಗ ಅನುವಾದ ಮಾಡಿ ಅರ್ಥ ಹೇಳುವ ನಮ್ಮ ಹಳೆಯ ಉಪಾಯ ನಡೆಯುವುದೇ ಇಲ್ಲ. ಪಾಠವೂ ಪುಸ್ತಕದ್ದಲ್ಲ. ಗೋದಾಮಿನಲ್ಲಿ ಕೆಲಸ ಮಾಡುವ ಒಬ್ಬರಿಗೆ ರಜೆಯ ದಿನ ಸೂಪರ್‌ವೈಸರ್ ಫೋನ್ ಮಾಡಿ ‘ಕ್ಯಾನ್ ಯು ಕಮ್ ಇನ್?’ ಎಂದು ಕೇಳಿದನಂತೆ. ಇವರು ಮನೆಯಲ್ಲಿ ಕೂತು ‘ಎಲ್ಲಿಗೆ ಒಳಗೆ?’ ಎಂದು ಯೋಚಿಸುತ್ತಲೇ ‘ನೋ’ ಎಂದರು. ಇಂದು ಕೆಲಸಕ್ಕೆ ಬರಲಾಗುವುದೇ ಎಂಬುದು ಆ ಮಾತಿನ ಅರ್ಥ. ಅವರು ಇಂಥ ವಾಕ್ಯಗಳನ್ನು ಚೀಟಿಯಲ್ಲಿ ಬರೆದುಕೊಂಡು ಬರುತ್ತಾರೆ, ನಾವು ಅದನ್ನೇ ಅಂದಿನ ಪಾಠವಾಗಿ ಮಾಡುತ್ತೇವೆ. ಭಾಷೆಯನ್ನು ಹೊರಗಿನ ಊರೇ ಕಲಿಸುತ್ತದೆ. ಊರು ಏನು ಹೇಳಿತೆಂದು ಬಿಡಿಸಿ ಹೇಳುವವಳು ಮಾತ್ರ ನಾನು.

ಆದರೆ ದಾರಿ ಸಲೀಸಲ್ಲ. ನನ್ನ ಬಿ.ಇಡಿ. ಇದಕ್ಕೆ ಸಾಲಲಿಲ್ಲ, ಎರಡನೆಯ ಭಾಷೆಯಾಗಿ ಇಂಗ್ಲಿಷ್ ಕಲಿಸುವ ತರಬೇತಿಯನ್ನು ಹೊಸದಾಗಿ ಮಾಡಿಕೊಂಡೆ. ಅದಕ್ಕೂ ಮುಂಚೆ ಹತ್ತು ತಿಂಗಳು ಸಂಬಳವಿಲ್ಲದೆ ತರಗತಿಯಲ್ಲಿ ಸಹಾಯಕಿಯಾಗಿದ್ದೆ. ಈಗಲೂ ಒಪ್ಪಂದ ವರ್ಷ ವರ್ಷ ನವೀಕರಣವಾಗಬೇಕು. ಇಂಗ್ಲೆಂಡಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: 2023ರಿಂದ ಭಾರತದ ಶಿಕ್ಷಕರೂ ಅಲ್ಲಿನ ಶಾಲಾ ಶಿಕ್ಷಕರ ಅರ್ಹತೆಗೆ ನೇರವಾಗಿ ಅರ್ಜಿ ಹಾಕಬಹುದು ನಿಜ, ಆದರೆ ನಮ್ಮ ದೇಶದವರಿಗೆ ಅದು ಗಣಿತ, ವಿಜ್ಞಾನ ಮತ್ತು ಇತರ ಭಾಷೆಗಳ ಶಿಕ್ಷಕರಿಗೆ ಮಾತ್ರ. ಇಂಗ್ಲಿಷ್ ಮೇಷ್ಟ್ರಿಗಿಲ್ಲ.

ನಿವೃತ್ತ ಮಾಸ್ತರ (ಯಲ್ಲಾಪುರ)

ಅಕ್ಕೋರೆ, ನೀವು ಹನ್ನೊಂದು ವರ್ಷ ಮಾಡಿದ್ದು ಇವೆರಡರಲ್ಲಿ ಯಾವುದು ಎಂಬುದನ್ನು ಒಮ್ಮೆ ನೋಡಿ. ನಮ್ಮ ಕನ್ನಡ ಮಾಧ್ಯಮದ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ‘ದ್ವಿತೀಯ ಭಾಷೆ’ ಎಂದು ಹೆಸರು. ಕಾರವಾರದ ಮೀನುಗಾರರ ಕೇರಿಯ ಹುಡುಗನಿಗೆ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಅವನಿಗೆ ಮೂರನೆಯದು, ಅದೂ ಕರಿಹಲಗೆಯ ಮೇಲೆ ಮಾತ್ರ ಕಾಣುವಂಥದ್ದು. ಶ್ರೀನಗರದಲ್ಲಿ ಹುಟ್ಟಿದ ಭಾಷಾವಿಜ್ಞಾನಿ ಬ್ರಜ್ ಕಚ್ರು ಅವರು 1985ರಲ್ಲಿ ಇಂಗ್ಲಿಷಿನ ಜಗತ್ತನ್ನು ಒಂದರೊಳಗೊಂದು ಮೂರು ವೃತ್ತಗಳಾಗಿ ಬರೆದು, ಇಂಗ್ಲಿಷ್ ಮನೆಮಾತಲ್ಲದಿದ್ದರೂ ಆಡಳಿತ, ಶಿಕ್ಷಣಗಳಲ್ಲಿ ಬಳಕೆಯಲ್ಲಿರುವ ದೇಶಗಳ ಎರಡನೆಯ ವೃತ್ತದಲ್ಲಿ ಭಾರತವನ್ನಿಟ್ಟರು. ಬೆಂಗಳೂರಿಗೆ ಅದು ಸರಿ. ಬನವಾಸಿಯ ಆಚೆಯ ಹಳ್ಳಿಗಳ ಮಟ್ಟಿಗೆ ನನಗೆ ಸಂಶಯವಿದೆ. ಹೀಗಾಗಿ ಮಾಲ್ಡೀವ್ಸ್‌ಗೆ ಹೋದರೆ ಬಲ್ಲ ಕೆಲಸವನ್ನೇ ಇನ್ನೊಂದು ಊರಿನಲ್ಲಿ ಮಾಡುತ್ತೀರಿ, ಕೆನಡಾಕ್ಕೆ ಹೋದರೆ ಕಸುಬನ್ನೇ ಬದಲಿಸುತ್ತೀರಿ. ‘ಎ’ ಮತ್ತು ‘ದಿ’ಗಳಿಲ್ಲದ ಭಾಷೆಯಿಂದ ಬಂದು ಅವನ್ನು ಕಷ್ಟಪಟ್ಟು ಕಲಿತವರು ನಾವು. ಆ ಕಷ್ಟವನ್ನು ವಿವರಿಸುವುದಕ್ಕೆ ಹುಟ್ಟು ಇಂಗ್ಲಿಷಿನವರಿಗಿಂತ ನಮಗೇ ಹೆಚ್ಚು ಬರುತ್ತದೆ. ಇದು ಎರಡೂ ಕಡೆ ಉಪಯೋಗಕ್ಕೆ ಬೀಳುತ್ತದೆ.

ನಿರ್ಧರಿಸುವ ಮೊದಲು ಒಂದು ಕೆಲಸ ಮಾಡಿ. ಮುಂಡಗೋಡಿನ ಟಿಬೆಟನ್ ಕಾಲೋನಿ 1966ರಿಂದ ನಮ್ಮ ಜಿಲ್ಲೆಯಲ್ಲೇ ಇದೆ. ಅಲ್ಲಿಗೆ ಹೋಗಲು ವಿದೇಶಿಯರಿಗೆ ವಿಶೇಷ ಪರವಾನಗಿ ಬೇಕು, ನಿಮಗೆ ಬೇಡ. ಇಂಗ್ಲಿಷ್ ಕಲಿಯಬೇಕೆನ್ನುವ ನಾಲ್ಕು ಜನ ಭಿಕ್ಷುಗಳನ್ನು ಹುಡುಕಿ, ಎರಡು ತಿಂಗಳು ಕನ್ನಡದ ಒಂದು ಶಬ್ದವನ್ನೂ ಆಡದೆ ಕಲಿಸಿ ನೋಡಿ.

ಘಟ್ಟದ ಮೇಲಿನವಳು (ಸಿರ್ಸಿ)

ಮೂವರಿಗೂ ಕೃತಜ್ಞತೆಗಳು. ಕೊರಿಯಾದ ಕಡತವನ್ನು ಇಂದೇ ಮುಚ್ಚಿದೆ. ನಿಜ ಹೇಳಬೇಕೆಂದರೆ, ಅನುವಾದ ಮಾಡದೆ ನಾನು ಒಂದು ಪಾಠವನ್ನೂ ಪೂರ್ತಿ ಮಾಡಿದವಳಲ್ಲ. ಅದನ್ನು ಇಲ್ಲಿ ಬರೆಯಲು ಸ್ವಲ್ಪ ಸಂಕೋಚವೇ ಆಗುತ್ತಿದೆ. ಬರುವ ಭಾನುವಾರ ಮುಂಡಗೋಡಿನ ಬಸ್ಸು ಹಿಡಿಯುತ್ತೇನೆ. ಮಾಸ್ತರರೇ, ಅಲ್ಲಿ ಮೊದಲು ಯಾರನ್ನು ಕೇಳಬೇಕು, ಮಠದ ಕಚೇರಿಯನ್ನೋ ಅಥವಾ ಕಾಲೋನಿಯ ಶಾಲೆಯನ್ನೋ?