ಟೆಂಪ್ಲೇಟಿನ ಆಚೆಗೆ ಹೋಗುವುದು ಹೇಗೆ? ಬೀದರ್, ಕಲಬುರಗಿ, ಯಾದಗಿರಿ ಅನಿಮೇಟರುಗಳ ಅನುಭವ ಹಂಚಿಕೆ

ಪ್ರಶ್ನೆ, ಯಾದಗಿರಿಯಿಂದ

ಎಲ್ಲರಿಗೂ ನಮಸ್ಕಾರ. ಮನೆಯಿಂದಲೇ ಮೋಷನ್ ಗ್ರಾಫಿಕ್ಸ್ ಕೆಲಸ ಮಾಡುತ್ತೇನೆ. ಮದುವೆಯ ಆಮಂತ್ರಣದ ವಿಡಿಯೊ, ಕೋಚಿಂಗ್ ಸೆಂಟರುಗಳ ಜಾಹೀರಾತು, ಯೂಟ್ಯೂಬ್ ಚಾನೆಲ್‌ಗಳ ಲೋಗೊ, ಹೀಗೆ ಕೆಲಸಕ್ಕೆ ಬರವಿಲ್ಲ. ಆದರೆ ಮುಕ್ಕಾಲು ಪಾಲು ಕೊಂಡ ಟೆಂಪ್ಲೇಟಿನಲ್ಲಿ ಹೆಸರು, ಫೋಟೊ ಬದಲಿಸುವುದೇ ಆಗಿದೆ. ನೋಡಿದ ಕೂಡಲೇ ಇದು ಇವಳ ಕೈಯದು ಎನ್ನುವಂಥದ್ದನ್ನು ಮಾಡಬೇಕೆಂಬ ಆಸೆ. ನೀವೆಲ್ಲ ಪ್ರಯೋಗವನ್ನು ಎಲ್ಲಿಂದ ಶುರು ಮಾಡುತ್ತೀರಿ? ಸಂಪಾದನೆಯ ಕೆಲಸದ ನಡುವೆ ಅದಕ್ಕೆ ಜಾಗ ಹೇಗೆ ಮಾಡಿಕೊಳ್ಳುತ್ತೀರಿ? ಇದಕ್ಕಾಗಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗಲೇಬೇಕೇ?

ಬೀದರಿನಿಂದ

ತಂಗಿ, ನಾನು ಹೈದರಾಬಾದಿನ ಸ್ಟುಡಿಯೊದಲ್ಲಿದ್ದು ಬೀದರಿಗೆ ಮರಳಿದವಳು. ಅಲ್ಲಿ ವೇಗ ಕಲಿತೆ, ಗಡುವಿಗೆ ಸರಿಯಾಗಿ ಕೆಲಸ ಮುಗಿಸುವುದನ್ನು ಕಲಿತೆ. ಪ್ರಯೋಗ ಮಾಡಲು ಕಲಿತದ್ದು ಇಲ್ಲಿ, ಬಿದ್ರಿ ಕುಶಲಕರ್ಮಿಗಳ ಪಕ್ಕದಲ್ಲಿ ಕುಳಿತು.

ನಮ್ಮ ಊರಿನ ಕಲೆಯನ್ನು ಬಳಸುತ್ತೇವೆಂದು ಹೊರಟವರು ಹೆಚ್ಚಾಗಿ ಅದರ ಹೂಬಳ್ಳಿಯನ್ನು ಎತ್ತಿಕೊಂಡು ಪರದೆಯ ಅಂಚಿಗೆ ಅಂಟಿಸುತ್ತಾರೆ. ಅಲ್ಲಿಗೆ ಇನ್ನೊಂದು ಟೆಂಪ್ಲೇಟ್ ಸಿದ್ಧವಾಯಿತು. ನೀನು ಕೆಲಸದ ಕ್ರಮವನ್ನು ನೋಡು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಪಾತ್ರೆ ಎರಕ ಹೊಯ್ಯುತ್ತಾರೆ, ಉಜ್ಜಿ ನಯಮಾಡುತ್ತಾರೆ. ಆಮೇಲೆ ಮೈಲುತುತ್ತದ ನೀರು ಸವರಿ ಮೇಲ್ಮೈಯನ್ನು ಕಪ್ಪಾಗಿಸುತ್ತಾರೆ. ಈ ಕಪ್ಪು ತಾತ್ಕಾಲಿಕ, ಗೀರಿದ ಗೆರೆ ಕಲಾವಿದನ ಕಣ್ಣಿಗೆ ಕಾಣಲೆಂದು ಮಾತ್ರ. ಉಳಿಯಿಂದ ಕೊರೆದು, ಕೊರೆದಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸಿ ಮತ್ತೆ ಉಜ್ಜಿದಾಗ ಆ ಕಪ್ಪು ಹೋಗಿಬಿಡುತ್ತದೆ. ಆಗ ಪಾತ್ರೆಯೂ ಬೆಳ್ಳಿಯೂ ಹೆಚ್ಚು ಕಡಿಮೆ ಒಂದೇ ಬಣ್ಣ, ಅಷ್ಟು ಶ್ರಮದ ಚಿತ್ತಾರ ಕಂಡೂ ಕಾಣದಂತಿರುತ್ತದೆ. ಕೊನೆಗೆ ಪಾತ್ರೆಯನ್ನು ಬಿಸಿಮಾಡಿ, ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಬಳಿಯುತ್ತಾರೆ. ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿದು ಚಿತ್ತಾರವೆಲ್ಲ ಒಮ್ಮೆಲೇ ಎದ್ದು ಬರುತ್ತದೆ.

ಇದನ್ನು ಅನಿಮೇಟರ್ ಆಗಿ ಓದಿಕೊ. ಮೊದಲ ಕಪ್ಪು ನಮ್ಮ ಗೈಡ್ ಲೇಯರ್ ಇದ್ದಂತೆ, ಅಂತಿಮ ಚಿತ್ರದಲ್ಲಿ ಇರುವುದಿಲ್ಲ. ಕೊನೆಯ ಕಪ್ಪು ನೋಡುಗನಿಗಾಗಿ. ನಾವು ಲೋಗೊ ತೋರಿಸಬೇಕೆಂದರೆ ಗೆರೆ ಬೆಳೆಯುವಂತೆ ಮಾಡುತ್ತೇವೆ, ಇಲ್ಲವೇ ಅದನ್ನು ಪರದೆಯ ಹೊರಗಿನಿಂದ ಹಾರಿಸಿ ತರುತ್ತೇವೆ. ಬಿದ್ರಿಯಲ್ಲಿ ಆಕಾರ ಮೊದಲೇ ಅಲ್ಲಿದೆ, ಬದಲಾಗುವುದು ಅದರ ಹಿಂದಿನ ನೆಲ. ಬೂದು ಪರದೆಯ ಮೇಲೆ ಅದೇ ಬೂದು ಬಣ್ಣದ ಗೆರೆಗಳು, ಅವುಗಳ ಮೇಲೆ ಹರಿದಾಡುವ ಮಿಂಚು ಮಾತ್ರ, ಕೊನೆಗೆ ಅರ್ಧ ಸೆಕೆಂಡಿನಲ್ಲಿ ನೆಲ ಕಪ್ಪಾಗುವುದು: ನನ್ನ ಮೊದಲ ಪ್ರಯೋಗ ಇಷ್ಟೇ ಇತ್ತು. ಆಮೇಲೆ ನೌಬಾದಿನ ಸುರಂಗ ಬಾವಿಯ ಬಗ್ಗೆ ಒಂದು ಕಿರುಚಿತ್ರಕ್ಕೆ ಗ್ರಾಫಿಕ್ಸ್ ಕೇಳಿದರು. ನೆಲದಡಿಯ ಕಾಲುವೆಯನ್ನೂ ಅದಕ್ಕೆ ಇಳಿಯುವ ಬಾವಿಗಳನ್ನೂ ತೋರಿಸಬೇಕಿತ್ತು. ಹರಿಯುವ ನೀಲಿ ಬಾಣಗಳ ಬದಲು ಮಣ್ಣಿನ ಬಣ್ಣವನ್ನು ನಿಧಾನವಾಗಿ ಗಾಢಗೊಳಿಸಿದೆ, ಕಾಲುವೆ ತಾನಾಗಿ ಕಾಣಿಸಿತು. ಒಂದು ಹೂವೂ ಇಲ್ಲದ ಆ ದೃಶ್ಯ ಬಿದ್ರಿಯಿಂದ ಬಂದದ್ದು.

ಎರಡನೆಯ ಮಾತು, ಈಸಿಂಗ್ ಬಗ್ಗೆ, ಅಂದರೆ ಚಲನೆಯ ವೇಗ ಏರಿ ಇಳಿಯುವ ರೀತಿಯ ಬಗ್ಗೆ. ಟೆಂಪ್ಲೇಟಿನ ಮುಖ ಗೊತ್ತಾಗುವುದೇ ಇಲ್ಲಿ. ಸಾಫ್ಟ್‌ವೇರ್ ಒಂದೇ ಕೀಲಿಗೆ ಕೊಡುವ ನುಣುಪಾದ ಆರಂಭ, ನುಣುಪಾದ ನಿಲುಗಡೆ ಎಲ್ಲರ ಕೆಲಸದಲ್ಲೂ ಒಂದೇ. ಸುತ್ತಿಗೆ ಹಾಗೆ ಬೀಳುವುದಿಲ್ಲ. ವೇಗ ಏರುತ್ತ ಬಂದು ಥಟ್ಟನೆ ನಿಲ್ಲುತ್ತದೆ, ಕೂದಲೆಳೆಯಷ್ಟು ಪುಟಿಯುತ್ತದೆ. ಮೊಬೈಲಿನಲ್ಲಿ ಚಿತ್ರೀಕರಿಸಿ ಒಂದೊಂದೇ ಫ್ರೇಮ್ ಸರಿಸಿ ನೋಡು, ನೋಡಿದ್ದನ್ನು ಸಾಫ್ಟ್‌ವೇರಿನ ಗ್ರಾಫ್ ಎಡಿಟರಿನಲ್ಲಿ, ಚಲನೆಯನ್ನು ಗೆರೆಯಾಗಿ ತೋರಿಸುವಲ್ಲಿ, ಕೈಯಿಂದ ಬರೆ. ಕೆಲಸದವರ ಒಪ್ಪಿಗೆ ಕೇಳು, ಅವರ ಸಮಯಕ್ಕೆ ಹಣ ಕೊಡು. ನಮ್ಮ ಕಲಿಕೆಗಾಗಿ ಅವರ ಅರ್ಧ ದಿನದ ಕೂಲಿ ಹೋಗಬಾರದು.

ಜಾಗ ಮಾಡಿಕೊಳ್ಳುವುದಕ್ಕೆ ನನ್ನ ಕಟ್ಟಳೆ ಕಠಿಣವಾದದ್ದು. ಗಡುವಿರುವ ಕೆಲಸದೊಳಗೆ ಹೊಸ ಪ್ರಯೋಗ ಶುರು ಮಾಡುವುದಿಲ್ಲ, ಬೇರೆಡೆ ಮಾಡಿ ಪಳಗಿದ್ದನ್ನು ಮಾತ್ರ ಅಲ್ಲಿಗೆ ಒಯ್ಯುತ್ತೇನೆ. ಪ್ರಯೋಗ ಹತ್ತು ಸೆಕೆಂಡು ಮೀರುವುದಿಲ್ಲ, ಬಣ್ಣ ಎರಡೇ, ಬದಲಾಗುವ ಗುಣ ಒಂದೇ. ಸದ್ದನ್ನು ಮೊದಲು ಹಾಕಿಕೊಳ್ಳುತ್ತೇನೆ, ಚಿತ್ರ ಅದರ ಹಿಂದೆ ಬರುತ್ತದೆ. ಯಾವುದಕ್ಕೂ ಊರು ಬಿಡಬೇಕಾಗಿಲ್ಲ. ಬೀದರಿಗೆ ಬಂದರೆ ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕರಿಕಲ್ಲಿಗೆ ಕೂರಿಸಿದ ಮುತ್ತಿನ ಚಿಪ್ಪನ್ನು ನೋಡು. ನೀನು ನಡೆದಂತೆ ಹೊಳಪು ಬದಲಾಗುತ್ತದೆ, ಕಲ್ಲು ನಿಂತಲ್ಲೇ ಇರುತ್ತದೆ.

ಕಲಬುರಗಿಯಿಂದ

ಬೀದರಿನ ಅಕ್ಕ ಹೇಳಿದ್ದಕ್ಕೆ ನನ್ನ ಕಡೆಯಿಂದ ಒಂದು ಸೇರ್ಪಡೆ: ಕನ್ನಡ ಅಕ್ಷರ. ನಾನು ಹೆಚ್ಚಾಗಿ ಸುದ್ದಿ ಮತ್ತು ಶಿಕ್ಷಣದ ವಿಡಿಯೊಗಳಿಗೆ ಶೀರ್ಷಿಕೆ ಮಾಡುವವನು. ತಮ್ಮದೇ ಕೈ ಬೇಕೆನ್ನುವವರಿಗೆ ಇದಕ್ಕಿಂತ ಬಯಲಾದ ಹೊಲ ಇನ್ನೊಂದಿಲ್ಲ, ಏಕೆಂದರೆ ಸಿದ್ಧ ಟೆಂಪ್ಲೇಟುಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು.

ಟೈಪ್‌ರೈಟರಿನಂತೆ ಅಕ್ಷರ ಮೂಡುವ ಪರಿಣಾಮವನ್ನೇ ತೆಗೆದುಕೊಳ್ಳಿ. ‘ಸ್ತ್ರೀ’ ನಮಗೆ ಒಂದು ಅಕ್ಷರ, ಯೂನಿಕೋಡಿನಲ್ಲಿ ಆರು ಸಂಕೇತ. ‘ಸೂರ್ಯ’ ಮೂಡುವಾಗ ಮೊದಲು ಪೂರ್ಣ ‘ರ’ ಕಾಣಿಸಿ, ‘ಯ’ ಬಂದ ಕೂಡಲೇ ಅದು ಅರ್ಕಾವತ್ತಾಗಿ ‘ಯ’ದ ಬಲಕ್ಕೆ ಜಿಗಿಯುತ್ತದೆ. ಓದುವವನ ಕಣ್ಣು ಎಡವುತ್ತದೆ. ಆದ್ದರಿಂದ ಪದವನ್ನು ಅಕ್ಷರ ಅಕ್ಷರವಾಗಿ ನಾವೇ ಬಿಡಿಸಿ, ಪ್ರತಿಯೊಂದನ್ನೂ ಆಕಾರವಾಗಿ ಪರಿವರ್ತಿಸಿಕೊಳ್ಳಬೇಕು. ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರಿನಲ್ಲಿ ನೇರವಾಗಿ ಟೈಪ್ ಮಾಡಿದರೆ ಒತ್ತಕ್ಷರ ಕೂಡಿಕೊಳ್ಳುವುದಿಲ್ಲ. ಚಿತ್ರ ಬಿಡಿಸುವ ಇಂಕ್‌ಸ್ಕೇಪ್‌ನಲ್ಲಿ ಬರೆದು, ಪಾತ್ (ಗೆರೆಯ ಆಕಾರ) ಮಾಡಿ, ಎಸ್‌ವಿಜಿ ಕಡತವಾಗಿ ಒಯ್ದರೆ ಸರಿಯಾಗಿ ಬರುತ್ತದೆ. ಆಫ್ಟರ್ ಎಫೆಕ್ಟ್ಸ್ ಬಳಸುವವರು ಸೆಟ್ಟಿಂಗ್‌ನಲ್ಲಿ ಭಾರತೀಯ ಲಿಪಿಗೆ ಹೊಂದುವ ಟೆಕ್ಸ್ಟ್ ಎಂಜಿನ್ ಆರಿಸಿಕೊಂಡಿದ್ದಾರೆಯೇ ಎಂದು ನೋಡಬೇಕು. ಗ್ರಾಹಕರು ಹಳೆಯ ನುಡಿ ಫಾಂಟಿನಲ್ಲಿ ಪಠ್ಯ ಕಳುಹಿಸಿದರೆ ಮೊದಲು ಯೂನಿಕೋಡಿಗೆ ಬದಲಿಸಿ, ಬಳಿಕ ಒಂದು ಸಲ ಪೂರ್ತಿ ಓದಿ.

ಮಾಸ್ಕ್‌ನಿಂದ, ಅಂದರೆ ಒಂದು ಚೌಕಟ್ಟಿನೊಳಗಿದ್ದಷ್ಟೇ ಕಾಣುವಂತೆ ಮರೆಮಾಡಿ, ಸಾಲನ್ನು ಮೇಲೆತ್ತಿ ತೋರಿಸುವಾಗ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುವುದನ್ನು ಎಷ್ಟೋ ಜಾಹೀರಾತುಗಳಲ್ಲಿ ನೋಡುತ್ತೇನೆ, ಪ್ರತಿ ಸಲವೂ ಸಂಕಟವಾಗುತ್ತದೆ. ಮಾಸ್ಕ್‌ನ ಎತ್ತರವನ್ನು ‘ಕೃಷ್ಣ’, ‘ರಾಷ್ಟ್ರ’ದಂತಹ ಪದ ಇಟ್ಟು ಅಳೆಯಿರಿ. ಕೈಬರಹದಂತೆ ಮೂಡಬೇಕಾದರೆ ಫಾಂಟಿನ ಹೊರಗೆರೆಯ ಮೇಲೆ ಹೋಗಬೇಡಿ. ಅಕ್ಷರದ ನಡುವೆ ಒಂದೇ ಗೆರೆ ಎಳೆದು, ಕೈ ತಿರುಗುವ ಕ್ರಮದಲ್ಲೇ ಅದನ್ನು ಬೆಳೆಸಿ. ಒಂದನೆಯ ತರಗತಿಯ ಶಿಕ್ಷಕರೊಬ್ಬರನ್ನು ಕಪ್ಪುಹಲಗೆಯ ಮೇಲೆ ಬರೆಯಲು ಕೇಳಿ ಚಿತ್ರೀಕರಿಸಿಕೊಂಡರೆ ಸಾಕು. ಫಾಂಟಿಗೆ ಬಾಲೂ ತಮ್ಮ, ತಿರೋ ಕನ್ನಡ, ನೋಟೊ ಇವೆ. ಮುಕ್ತ ಪರವಾನಗಿಯವು, ವ್ಯಾಪಾರಿ ಕೆಲಸಕ್ಕೂ ಬಳಸಬಹುದು.

ಸೇಡಂನಿಂದ

ನನ್ನದು ಮೇಜಿನ ಮೇಲಿನ ಪ್ರಯೋಗ, ಸ್ಟಾಪ್ ಮೋಷನ್. ಕರಿ ಕಂಬಳಿಯ ಮೇಲೆ ಜೋಳ, ತೊಗರಿಬೇಳೆ ಹರಡಿ ಒಂದೊಂದೇ ಫ್ರೇಮ್ ಸರಿಸುತ್ತೇನೆ. ಸೆಕೆಂಡಿಗೆ ಹನ್ನೆರಡು ಚಿತ್ರ ಸಾಕು, ಪ್ರತಿಯೊಂದನ್ನೂ ಎರಡು ಫ್ರೇಮ್ ಹಿಡಿದರೆ ಇಪ್ಪತ್ನಾಲ್ಕಾಗುತ್ತದೆ. ಮೊಬೈಲನ್ನು ನೇರ ಕೆಳಮುಖವಾಗಿ ಬಿಗಿದು ಫೋಕಸ್, ಬೆಳಕು, ಬಣ್ಣ ಮೂರನ್ನೂ ಲಾಕ್ ಮಾಡಿ. ಕಿಟಕಿಯ ಬಿಸಿಲು ಸರಿಯುತ್ತಲೇ ಇರುವುದರಿಂದ ರಾತ್ರಿ ದೀಪ ಹಚ್ಚಿ ಮಾಡುವುದು ಒಳ್ಳೆಯದು. ಫ್ಯಾನ್ ಮಾತ್ರ ಆರಿಸಿ, ಜೋಳ ನಿಂತರೂ ಕಂಬಳಿಯ ನೂಲು ಅಲುಗುತ್ತದೆ. ಬೇಸಿಗೆಯಲ್ಲಿ ಅದು ದೊಡ್ಡ ತಪಸ್ಸು.

ರೆಂಡರ್ ಮಾಡುವವರಿಗೆ, ಅಂದರೆ ಕೆಲಸವನ್ನು ಕಂಪ್ಯೂಟರಿನಿಂದ ಅಂತಿಮ ಚಿತ್ರವಾಗಿ ಹೊರತೆಗೆಯುವವರಿಗೆ: ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು. ನೇರ ವಿಡಿಯೊ ಕಡತವಾಗಿ ಬಿಟ್ಟರೆ ನಡುವೆ ನಿಂತಾಗ ಅಷ್ಟೂ ಹಾಳು. ಪಿಎನ್‌ಜಿ ಚಿತ್ರಗಳ ಸರಣಿಯಾಗಿ ಬಿಟ್ಟರೆ ನಿಂತ ಫ್ರೇಮಿನಿಂದಲೇ ಮುಂದುವರಿಸಬಹುದು. ಬ್ಲೆಂಡರ್‌ನಲ್ಲಿ ‘ಓವರ್‌ರೈಟ್’ ಗುರುತು ತೆಗೆದಿಟ್ಟರೆ ಆಗಲೇ ಮುಗಿದ ಫ್ರೇಮುಗಳನ್ನು ಅದು ಬಿಟ್ಟು ಮುಂದೆ ಹೋಗುತ್ತದೆ.

ಮತ್ತೆ ಯಾದಗಿರಿಯಿಂದ

ಅಕ್ಕ, ಅಣ್ಣಂದಿರೇ, ತುಂಬ ಉಪಕಾರವಾಯಿತು. ಇನ್ನೊಂದು ಕೇಳುತ್ತೇನೆ. ಪ್ರಯೋಗ ಮಾಡಿಟ್ಟರೂ ಗ್ರಾಹಕರು ಕೇಳುವುದು ಹೊಳೆಯುವ ಚಿನ್ನದ ಅಕ್ಷರ, ಉದುರುವ ಗುಲಾಬಿ ಎಸಳು. ಅವರನ್ನು ಒಪ್ಪಿಸುವುದು ಹೇಗೆ?

ಬೀದರಿನಿಂದ

ಕೇಳಿದ್ದನ್ನು ಕೇಳಿದಂತೆ ಮಾಡಿ ಕೊಡು, ಜೊತೆಗೆ ನಿನ್ನ ಮನಸ್ಸಿನದನ್ನೂ ಒಂದು ಮಾಡಿ ಕಳುಹಿಸು. ನನ್ನ ಅನುಭವದಲ್ಲಿ ಎರಡೂ ಅಕ್ಕಪಕ್ಕ ಇದ್ದಾಗ ಹಲವರು ಎರಡನೆಯದನ್ನು ಆರಿಸಿದ್ದಾರೆ. ಮಾತಿನಲ್ಲಿ ವಿವರಿಸಿದರೆ ಯಾರೂ ಒಪ್ಪುವುದಿಲ್ಲ.

ಕಲಬುರಗಿಯಿಂದ

ಇಲ್ಲಿ ಅಕ್ಕನ ಮಾತು ನನಗೆ ಒಪ್ಪಿಗೆಯಿಲ್ಲ. ಒಂದು ಸಲ ಎರಡು ಕೊಟ್ಟರೆ ಮುಂದಿನ ಸಲ ಮೂರು ಕೇಳುತ್ತಾರೆ, ದರ ಮಾತ್ರ ಒಂದರದ್ದೇ. ಮುಂಗಡ ಪಡೆದ ಮೇಲೆ ಎರಡು ಸ್ಥಿರ ಚಿತ್ರ ತೋರಿಸಿ, ಒಂದು ಅವರ ಇಷ್ಟದ್ದು, ಒಂದು ನಿಮ್ಮದು. ಆರಿಸಿದ ಮೇಲೆ ಸದ್ದಿನೊಂದಿಗೆ ಒರಟು ಅನಿಮ್ಯಾಟಿಕ್ (ಕರಡು ವಿಡಿಯೊ), ಅದಕ್ಕೆ ಒಪ್ಪಿಗೆ ಸಿಕ್ಕ ನಂತರವೇ ಪೂರ್ಣ ಕೆಲಸ. ತಿದ್ದುಪಡಿ ಎಷ್ಟು ಸಲ ಎಂಬುದನ್ನು ಮೊದಲೇ ಬರೆದು ಕಳುಹಿಸಿ.

ಬೀದರಿನಿಂದ

ಸ್ಥಿರ ಚಿತ್ರದ ಮಾತು ಸರಿ, ಸಮಯ ಉಳಿಯುತ್ತದೆ. ಆದರೆ ಚಲನೆಯೇ ಹೊಸದಾಗಿರುವಲ್ಲಿ ಸ್ಥಿರ ಚಿತ್ರ ಏನನ್ನೂ ಹೇಳುವುದಿಲ್ಲ, ನನ್ನ ಬೂದು ಪರದೆಯನ್ನು ನಿಲ್ಲಿಸಿ ತೋರಿಸಿದ್ದರೆ ಖಾಲಿಯೆಂದು ತಿರಸ್ಕರಿಸುತ್ತಿದ್ದರು. ಅಂಥ ಕಡೆ ಆಗಲೇ ಮಾಡಿಟ್ಟ ಹತ್ತು ಸೆಕೆಂಡಿನ ಪ್ರಯೋಗವನ್ನೇ ತೋರಿಸು, ತಂಗಿ. ಅದಕ್ಕೆ ಹೊಸ ಶ್ರಮವಿಲ್ಲ, ಗ್ರಾಹಕರಿಗೂ ಬೇಗ ತಿಳಿಯುತ್ತದೆ. ಪ್ರಯೋಗಗಳನ್ನು ಫೋನಿನಲ್ಲಿ ಬೇರೆ ಫೋಲ್ಡರಿನಲ್ಲಿ, ಇಂಟರ್ನೆಟ್ ಇಲ್ಲದಿದ್ದರೂ ತೆರೆಯುವಂತೆ ಇಟ್ಟುಕೊ.