ಪದಚರ್ಚೆ: ರಂಗದ ಬೆಳಕು, ಮನೆಯ ಆಟೊಮೇಷನ್ ಮತ್ತು ‘ದೀಪ ಆರಿಸಿ’

ನಮಸ್ಕಾರ ಎಲ್ಲರಿಗೂ.

ನಾಟಕದ ದೀಪಗಳನ್ನು ನಡೆಸುವ ಡಿಎಂಎಕ್ಸ್ 512 ಪದ್ಧತಿಯನ್ನು ಮನೆಯ ಆಟೊಮೇಷನ್‌ಗೆ ಜೋಡಿಸುವುದು ಹೇಗೆ ಎಂದು ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮನೆಯ ದೀಪ ಮುಂತಾದವನ್ನು ನಡೆಸುವ ಸಾಫ್ಟ್‌ವೇರ್ ಹೋಮ್ ಅಸಿಸ್ಟೆಂಟ್‌ನ ಪರದೆಯಲ್ಲಿ ಬರುವ ಗುಂಡಿಗಳ ಹೆಸರನ್ನೂ ಕನ್ನಡದಲ್ಲೇ ಇಡುವ ಆಸೆ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವುದು ‘ಆಫ್’.

‘ದೀಪ ಆರಿಸಿ’ ಎಂದು ಬರೆದರೆ ಆಯಿತು, ಅಲ್ವಾ? ಆದರೆ ಪರದೆಯ ಮೇಲೆ ಅದಕ್ಕೆ ಎರಡು ಅರ್ಥ. ‘ಯಾವ ದೀಪ ಬೇಕೋ ಆಯ್ದುಕೊಳ್ಳಿ’ ಎಂದೂ ಓದಬಹುದು, ‘ದೀಪ ನಂದಿಸಿ’ ಎಂದೂ ಓದಬಹುದು. ಮಾತಿನಲ್ಲಿ ಈ ತೊಡಕು ಏಳುವುದಿಲ್ಲ, ಸಂದರ್ಭವೇ ಹೇಳಿಬಿಡುತ್ತದೆ. ಗುಂಡಿಗೆ ಸಂದರ್ಭದ ಬೆಂಬಲ ಇಲ್ಲ. ದೀಪಗಳ ಪಟ್ಟಿಯ ಪಕ್ಕದಲ್ಲೇ ‘ಆರಿಸಿ’ ಎಂದಿದ್ದರೆ ಎರಡರ್ಥವೂ ಸರಿಯಾಗಿಯೇ ಹೊಂದುತ್ತದೆ. ಅದಕ್ಕೇ ಈ ಪದವನ್ನು ಎರಡು ಕಡೆಯಿಂದಲೂ ಬಿಟ್ಟು, ಆಯ್ಕೆಗೆ ‘ಆಯ್ದುಕೊಳ್ಳಿ’ ಎಂದು ಇಟ್ಟಿದ್ದೇನೆ. ‘ಲೈಟ್ ತೆಗೆ’ ಎಂಬ ಬಳಕೆಯೂ ಇದೆ. ಆದರೆ ಪಟ್ಟಿಯಿಂದ ದೀಪವನ್ನೇ ಕಿತ್ತುಹಾಕುವ ಗುಂಡಿಗೂ ‘ತೆಗೆ’ ಬೇಕಾಗುತ್ತದೆ.

ಉಳಿದದ್ದು ನಂದಿಸುವ ಅರ್ಥ. ಇಲ್ಲಿ ಎರಡು ಪದ್ಧತಿಗಳ ನಡುವೆಯೇ ವ್ಯತ್ಯಾಸ ಇದೆ. ಡಿಎಂಎಕ್ಸ್‌ಗೆ ‘ಆಫ್’ ಎಂಬುದೇ ಗೊತ್ತಿಲ್ಲ. ಒಂದು ಕೇಬಲ್‌ನಲ್ಲಿ 512 ಚಾನೆಲ್, ಪ್ರತಿ ಚಾನೆಲ್‌ಗೆ 0ಯಿಂದ 255ರವರೆಗೆ ಒಂದು ಸಂಖ್ಯೆ. ಅಷ್ಟೇ. ಆ ಸಂಖ್ಯೆಗಳನ್ನೇ ಅದು ಬಿಡದೆ ಕಳಿಸುತ್ತಿರುತ್ತದೆ. 512 ಚಾನೆಲ್ ತುಂಬಿದ್ದರೆ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 44 ಸಲ. ಮನೆಯ ಆಟೊಮೇಷನ್‌ನಲ್ಲಿ ಹಾಗಲ್ಲ. ದೀಪ ಆನ್ ಇದೆಯೋ ಆಫ್ ಇದೆಯೋ ಎಂಬುದು ಒಂದು ಸಂಗತಿ, ಎಷ್ಟು ಬೆಳಕು ಎಂಬುದು ಇನ್ನೊಂದು. 140ರಲ್ಲಿದ್ದ ದೀಪವನ್ನು ಆಫ್ ಮಾಡಿ ಮತ್ತೆ ಹಾಕಿದರೆ ಅದು 140ಕ್ಕೇ ಬರಲಿ ಎಂದು ಮನೆಯವರು ಬಯಸುತ್ತಾರೆ. ಡಿಎಂಎಕ್ಸ್ ಕಡೆ ಹೋಗುವುದು ಬರೀ 0. ಆ 140ನ್ನು ನಡುವಿನ ಸಾಫ್ಟ್‌ವೇರ್ ನೆನಪಿಡಬೇಕು. ಅದೇ ಸ್ಲೈಡರನ್ನು ಕೈಯಿಂದ 0ವರೆಗೆ ಎಳೆದರೆ? ಕೇಬಲ್‌ನಲ್ಲಿ ಹೋಗುವುದು ಆಗಲೂ 0 ತಾನೇ. ಆದರೆ ಮತ್ತೆ ಹಾಕಿದಾಗ ಎಷ್ಟಕ್ಕೆ ಬರಬೇಕು ಎಂಬುದಕ್ಕೆ ಉತ್ತರ ಬೇರೆಯಾಗಬಹುದು.

ಹಾಗಾಗಿ ಎರಡು ಪದ ಬೇಕೇ ಬೇಕು ಎಂಬುದು ನನ್ನ ವಾದ. ಮನೆಯ ಕಡೆಯ ಕೆಲಸಕ್ಕೆ ‘ಆಫ್ ಮಾಡು’, ರಂಗದ ಕಡೆಯದಕ್ಕೆ ‘ಸೊನ್ನೆಗೆ ಇಳಿಸು’. ‘ನಂದಿಸು’ ಚೆನ್ನಾದ ಪದವೇ, ಆದರೆ ಅದರಲ್ಲಿ ಉರಿ, ಬೆಂಕಿಯ ನೆನಪು ಗಟ್ಟಿಯಾಗಿದೆ. ಇನ್ನೊಂದು ಮಾತು. ಸೊನ್ನೆ ಎಂದರೆ ಎಲ್ಲ ಚಾನೆಲ್‌ನಲ್ಲೂ ಕತ್ತಲೆ ಅಲ್ಲ. ತಿರುಗುವ ದೀಪದಲ್ಲಿ ಅಡ್ಡ ತಿರುಗಿಸುವ ಚಾನೆಲ್‌ಗೆ 0 ಕೊಟ್ಟರೆ ಅದು ಒಂದು ತುದಿಗೆ ಹೋಗಿ ನಿಲ್ಲುತ್ತದೆ. ‘ಎಲ್ಲ ಸೊನ್ನೆಗೆ’ ಎಂಬ ಗುಂಡಿ ಇಟ್ಟರೆ ದೀಪಗಳ ತಲೆಯೂ ತಿರುಗಿಬಿಡುತ್ತದೆ! ಬೆಳಕಿನ ಚಾನೆಲ್‌ಗಳನ್ನು ಮಾತ್ರ ಇಳಿಸುವ ಗುಂಡಿಗೆ ಬೇರೆ ಹೆಸರು ಬೇಕು. ರಂಗದವರು ‘ಬ್ಲ್ಯಾಕೌಟ್’ ಎನ್ನುತ್ತಾರೆ. ನಾಟಕದ ಪ್ರತಿಯಲ್ಲಿ ‘ರಂಗದ ಮೇಲೆ ಕತ್ತಲೆ’ ಎಂಬ ಸೂಚನೆ ಇರುತ್ತದಲ್ಲ, ಅದರಿಂದ ‘ಕತ್ತಲೆ’ ಎಂದಷ್ಟೇ ಇಟ್ಟರೆ ಹೇಗೆ? ನನಗಂತೂ ಹಿಡಿಸಿದೆ.

ಬೆಳಕು ಮೆಲ್ಲಗೆ ಬದಲಾಗುವ ಫೇಡ್‌ಗೆ ‘ಮಸುಕಾಗು’, ‘ಮಂದವಾಗು’ ಎಂದು ಹಲವರು ಬರೆಯುತ್ತಾರೆ. ಇವು ಇಳಿಯುವುದನ್ನಷ್ಟೇ ಹೇಳುತ್ತವೆ. ಫೇಡ್ ಮೇಲಕ್ಕೂ ಹೋಗುತ್ತದೆ. ಲಾಟೀನಿನ ಬತ್ತಿಗೆ ನಾವು ಹೇಳುವ ‘ಏರಿಸು’, ‘ಇಳಿಸು’ ಇಲ್ಲಿಗೆ ಸಲೀಸಾಗಿ ಒಗ್ಗುತ್ತದೆ: ‘3 ಸೆಕೆಂಡಿನಲ್ಲಿ 200ಕ್ಕೆ ಏರಿಸು’.

ಇನ್ನು ಯೂನಿವರ್ಸ್. 512 ಚಾನೆಲ್‌ಗಳ ಒಂದು ಗುಂಪಿಗೆ ಈ ಹೆಸರು. ‘ವಿಶ್ವ’ ಎಂದರೆ ಓದುವವರಿಗೆ ಏನೂ ಹೊಳೆಯುವುದಿಲ್ಲ. ಯೂನಿವರ್ಸ್ ಎಂದೇ ಬಿಟ್ಟಿದ್ದೇನೆ.

ಸೀನ್‌ಗೆ ಇನ್ನೂ ದಾರಿ ಸಿಕ್ಕಿಲ್ಲ. ಮನೆಯ ಆಟೊಮೇಷನ್‌ನಲ್ಲಿ ಸೀನ್ ಎಂದರೆ ಯಾವ ದೀಪ ಎಷ್ಟು ಉರಿಯಬೇಕು ಎಂದು ಬರೆದಿಟ್ಟ ಒಂದು ಸ್ಥಿತಿ. ನಾಟಕದವರಿಗೆ ‘ದೃಶ್ಯ’ ಎಂದರೆ ಅಂಕದೊಳಗಿನ ಒಂದು ಭಾಗ, ಅದರಲ್ಲಿ ಬೆಳಕು ಹತ್ತಾರು ಸಲ ಬದಲಾಗಬಹುದು. ಹಾಗೆ ಬದಲಾಗುವ ಒಂದೊಂದು ಗಳಿಗೆಗೂ ಅವರು ‘ಕ್ಯೂ’ ಎನ್ನುತ್ತಾರೆ. ‘ದೃಶ್ಯ’ ಎಂದು ಅನುವಾದ ಮಾಡಿದರೆ ರಂಗದಿಂದ ಬಂದವರು ಖಂಡಿತ ತಪ್ಪು ತಿಳಿಯುತ್ತಾರೆ. ‘ಬೆಳಕಿನ ಜೋಡಣೆ’ ಎನ್ನಬಹುದು, ಆದರೆ ಗುಂಡಿಗೆ ಉದ್ದವಾಯಿತು. ಬರೀ ‘ಜೋಡಣೆ’ ಎಂದರೆ ತಂತಿ ಜೋಡಿಸುವ ಅರ್ಥ ಬರುತ್ತದೆ.

ಕೊನೆಯದು, ನಿಮ್ಮ ನೆರವು ತುಂಬಾ ಬೇಕಾಗಿರುವುದು. ಬೆಳಕಿನ ಬೋರ್ಡ್ (ರಂಗದ ದೀಪಗಳನ್ನು ನಡೆಸುವ ಫಲಕ) ಮತ್ತು ಮನೆಯ ಸರ್ವರ್ ಎರಡೂ ಒಂದೇ ದೀಪಕ್ಕೆ ಆಜ್ಞೆ ಕೊಟ್ಟರೆ ಯಾವುದು ನಡೆಯಬೇಕು? ಡಿಎಂಎಕ್ಸ್ ಸಂಖ್ಯೆಗಳನ್ನು ನೆಟ್‌ವರ್ಕ್ ಮೂಲಕ ಕಳಿಸುವ ಆರ್ಟ್-ನೆಟ್‌ನಲ್ಲಿ ಎರಡು ಮೂಲಗಳನ್ನು ಕೂಡಿಸಲು ಎರಡು ನಿಯಮಗಳಿವೆ. ರಂಗದವರು ಎಚ್‌ಟಿಪಿ, ಎಲ್‌ಟಿಪಿ ಎನ್ನುವುದು ಇವಕ್ಕೇ. ಮೊದಲನೆಯದರಲ್ಲಿ (ಹೈಯೆಸ್ಟ್ ಟೇಕ್ಸ್ ಪ್ರಿಸಿಡೆನ್ಸ್) ಹೆಚ್ಚಿನ ಸಂಖ್ಯೆ ಗೆಲ್ಲುತ್ತದೆ, ಎರಡನೆಯದರಲ್ಲಿ (ಲೇಟೆಸ್ಟ್ ಟೇಕ್ಸ್ ಪ್ರಿಸಿಡೆನ್ಸ್) ಕಡೆಗೆ ಬಂದದ್ದು. ಇದನ್ನು ಓದುಗರು ಸರಿಯಾಗಿ ತಿಳಿಯದಿದ್ದರೆ ಪೇಚಾಟ. ಬೋರ್ಡ್ 180 ಕಳಿಸುತ್ತಲೇ ಇದ್ದರೆ, ಮೊದಲ ನಿಯಮದಲ್ಲಿ ಮನೆಯವರು ಎಷ್ಟು ಸಲ ಆಫ್ ಒತ್ತಿದರೂ ದೀಪ 180ರಲ್ಲೇ ನಿಲ್ಲುತ್ತದೆ. ಡಿಎಂಎಕ್ಸ್ ಒಂದೇ ದಿಕ್ಕಿನಲ್ಲಿ ಹೋಗುವುದರಿಂದ ದೀಪ ತಿರುಗಿ ಏನನ್ನೂ ಹೇಳುವುದಿಲ್ಲ. ಪರದೆ ಮಾತ್ರ ‘ಆಫ್’ ಎಂದೇ ತೋರಿಸುತ್ತಿರುತ್ತದೆ.

‘ಗರಿಷ್ಠ ಆದ್ಯತೆ’, ‘ಅಂತಿಮ ಆದ್ಯತೆ’ ಎಂದು ಒಂದು ಸಲಹೆ ಬಂದಿದೆ. ನನಗೆ ಒಪ್ಪಿಗೆಯಿಲ್ಲ. ‘ಗರಿಷ್ಠ ಆದ್ಯತೆ’ ಎಂದರೆ ‘ಎಲ್ಲಕ್ಕಿಂತ ಮುಖ್ಯ’ ಎಂದೇ ಅರ್ಥವಾಗುತ್ತದೆ. ‘ಹೆಚ್ಚಿದ್ದದ್ದು ನಡೆ’, ‘ಕಡೆಯದು ನಡೆ’ ಎಂದು ಬರೆದಿದ್ದೇನೆ. ‘ಅವರ ಮಾತು ನಡೆಯುತ್ತದೆ’ ಎನ್ನುವಾಗಿನ ‘ನಡೆ’ ಇದು. ಆದರೆ ಗುಂಡಿಯ ಮೇಲೆ ಒಂಟಿಯಾಗಿ ನಿಂತಾಗ ‘ಮುಂದೆ ಹೋಗು’ ಎಂಬ ಆಜ್ಞೆಯಂತೆ ಕೇಳುತ್ತದೆಯೇ? ‘ಹೆಚ್ಚಿದ್ದದ್ದಕ್ಕೆ ಮಣೆ’, ‘ಕಡೆಯದಕ್ಕೆ ಮಣೆ’ ಆಗಬಹುದೇ? ಬೆಳಕಿನ ಬೋರ್ಡ್ ಮುಂದೆ ಕೂತು ಕೆಲಸ ಮಾಡಿದವರು ಈ ಮೇಲಿಂಗ್ ಪಟ್ಟಿಯಲ್ಲಿದ್ದರೆ, ತಾಲೀಮಿನಲ್ಲಿ ಇದನ್ನು ಒಬ್ಬರಿಗೊಬ್ಬರು ಹೇಗೆ ಹೇಳಿಕೊಳ್ಳುತ್ತೀರಿ ಎಂದು ದಯವಿಟ್ಟು ಬರೆಯಿರಿ.