ಅಪ್‌ಡೇಟ್: ಕಾಕಟೀಲ್ ಬೆಳಗಾವಿ ತಲುಪಿತು
ಚಿಕ್ಕಮಗಳೂರಿನಿಂದ ಬೆಳಗಾವಿಗೆ ಮನೆ ಬದಲಿಸುವಾಗ ನಮ್ಮ ಕಾಕಟೀಲ್ ಹಕ್ಕಿಯನ್ನು (ಜುಟ್ಟಿರುವ, ಆಸ್ಟ್ರೇಲಿಯಾ ಮೂಲದ ಪುಟ್ಟ ಗಿಳಿ ಜಾತಿ) ಕಾರಿನಲ್ಲಿ ಒಯ್ಯುವುದು ಹೇಗೆಂದು ಕೇಳಿದ್ದೆನಲ್ಲ, ಕ್ಷೇಮವಾಗಿ ತಲುಪಿದೆವು. ದಾರಿಯಲ್ಲಿ ನೀರಿನ ಬಟ್ಟಲು ಬೇಡ, ಸೌತೆಕಾಯಿ ಹೋಳು ಇಡಿ ಎಂದವರಿಗೆ ದೊಡ್ಡ ನಮಸ್ಕಾರ. ಪಂಜರ ಒದ್ದೆಯಾಗಲಿಲ್ಲ, ಹೋಳಿನಲ್ಲಿ ಉಳಿದದ್ದು ಸಿಪ್ಪೆ ಮಾತ್ರ. ಹಿಂದಿನ ಸೀಟಿಗೆ ಬೆಲ್ಟ್ ಹಾಕಿ ಪಂಜರ ಬಿಗಿದದ್ದೂ ಸರಿಹೋಯಿತು.

ಪಂಜರಕ್ಕೆ ಪೂರ್ತಿ ಬಟ್ಟೆ ಮುಚ್ಚುವ ಸಲಹೆ ಮಾತ್ರ ನಡೆಯಲಿಲ್ಲ. ಕಡೂರು ಬರುವಷ್ಟರಲ್ಲಿ ಕಿರುಚಾಟ ತಾಳಲಾರದೆ ಒಂದು ಬದಿ ಸರಿಸಿದೆ. ನೆಟ್ಟಗೆ ನಿಂತಿದ್ದ ಜುಟ್ಟು ಮೆಲ್ಲಗೆ ಇಳಿಯಿತು. ಬಿಸಿಲು ಬೀಳುವ ಬದಿಯನ್ನಷ್ಟೇ ಮುಚ್ಚಿದರೆ ಸಾಕು.

ಹೊಸದಾಗಿ ತಿಳಿದದ್ದು: ಕಾರಿನಲ್ಲಿಡುವ ಸುಗಂಧದ ಡಬ್ಬಿ ಹಕ್ಕಿಗಳ ಉಸಿರಾಟಕ್ಕೆ ಅಪಾಯ. ಪಶುವೈದ್ಯರು ಹೇಳಿದ ಮೇಲೆ ತೆಗೆದೆಸೆದೆ. ಅಂದ ಹಾಗೆ, ಗಿಳಿ ಸಾಕುವ ಬಗ್ಗೆ ಕೇಳಿದ್ದವರಿಗೆ: ನಮ್ಮ ನಾಡಿನ ಹಸಿರು ಗಿಳಿಯನ್ನು ಸಾಕುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.